ಬ್ರೌಸರ್‌ಗೆ ಸಿಕ್ಕಿದ ಚೀಟಿ ಸೈಡ್‌ಕಿಕ್‌ಗೆ ಸಿಗಲಿಲ್ಲ

ಬದಿಯಡ್ಕದ ಒಬ್ಬ ಅಡಿಕೆ ವ್ಯಾಪಾರಿಗೆ ನಾನೊಂದು ರೈಲ್ಸ್ (ರೂಬಿ ಭಾಷೆಯ ವೆಬ್ ಚೌಕಟ್ಟು) ಆ್ಯಪ್ ಮಾಡಿಕೊಟ್ಟಿದ್ದೇನೆ. ಹೊಸತು, ಹಳತು, ಪಟೋರ, ಉಳ್ಳಿ ಅಂತ ಅಡಿಕೆಯ ಒಂದೊಂದು ಬಗೆಯ ತೂಕ ಬರೆದು ಬಟನ್ ಒತ್ತಿದರೆ ಸಾಕು, ಚೀಟಿ ಕೃಷಿಕರ ವಾಟ್ಸ್ಆ್ಯಪ್‌ಗೆ ಹೋಗುತ್ತದೆ. ಕಳಿಸುವ ಕೆಲಸ ಹಿನ್ನೆಲೆಯಲ್ಲಿ ಓಡುವ ಸೈಡ್‌ಕಿಕ್ ಎಂಬ ಪ್ರೋಗ್ರಾಮಿನದ್ದು.

ಸರ್ವರ್ ಬದಲಾಯಿಸಿದ ಮೂರನೇ ದಿನ ಫೋನ್ ಬಂತು. ಯಾರಿಗೂ ಚೀಟಿ ಹೋಗಿಲ್ಲ. ಬ್ರೌಸರ್‌ನಲ್ಲಿ ಮಾತ್ರ ಅದೇ ಚೀಟಿ ಚಂದವಾಗಿ ತೆರೆಯುತ್ತಿತ್ತು.

ಲಾಗ್ ನೋಡಿದರೆ ಒಂದೇ ಹಾಡು: 'ಅನ್‌ಇನಿಶಿಯಲೈಸ್ಡ್ ಕಾನ್‌ಸ್ಟಂಟ್ ಅಡಿಕೆಚೀಟಿ'. ಅಂದರೆ 'ಅಡಿಕೆಚೀಟಿ' ಎಂಬ ಕ್ಲಾಸ್ (ನನ್ನ ಕೋಡಿನ ಒಂದು ತುಂಡು) ಸಿಗುತ್ತಿಲ್ಲ. ಫೈಲಿನ ಹೆಸರು ತಪ್ಪಿರಬೇಕು ಅಂದುಕೊಂಡೆ. ರೈಲ್ಸ್‌ಗೆ ಕೋಡ್ ಹುಡುಕಿಕೊಡುವ ಜೈಟ್‌ವರ್ಕ್ ಫೈಲಿನ ಹೆಸರು ನೋಡಿಯೇ ಕ್ಲಾಸ್ ಹುಡುಕುವುದು ಅಲ್ವಾ? 'ಜೈಟ್‌ವರ್ಕ್ ಚೆಕ್' ಓಡಿಸಿದೆ, ಎಲ್ಲ ಸರಿ ಅಂದಿತು. ಸರಿ ಅನ್ನದೆ ಏನು! ನನ್ನ ಫೈಲ್ ಇದ್ದದ್ದು ಲಿಬ್ ಫೋಲ್ಡರಿನಲ್ಲಿ. ಅದು ಆಟೋಲೋಡ್‌ನ, ಅಂದರೆ ಜೈಟ್‌ವರ್ಕ್ ತಾನಾಗಿ ಹುಡುಕುವ ಫೋಲ್ಡರುಗಳ, ಲೆಕ್ಕಕ್ಕೇ ಇರಲಿಲ್ಲ. ಎಂದೋ ಅವಸರದಲ್ಲಿ, ಬ್ರೌಸರಿಗೆ ಉತ್ತರ ಕೊಡುವ ಕಂಟ್ರೋಲರಿನ ತಲೆಯಲ್ಲಿ, ಆ ಫೈಲನ್ನು ಓದಿಕೋ ಅನ್ನುವ ಒಂದು 'ರಿಕ್ವೈರ್' ಬರೆದು ಸುಮ್ನಾಗಿದ್ದೆ. ಬ್ರೌಸರ್ ಕಂಟ್ರೋಲರಿನ ದಾರಿಯಲ್ಲೇ ಬರುವುದರಿಂದ ಅದಕ್ಕೆ ಕ್ಲಾಸ್ ಸಿಗುತ್ತಿತ್ತು. ಸೈಡ್‌ಕಿಕ್ ಆ ಕಡೆ ತಲೆಯೇ ಹಾಕುವುದಿಲ್ಲ.

ಹಾಗಾದರೆ ಹಳೆಯ ಸರ್ವರಿನಲ್ಲಿ ಹೇಗೆ ನಡೆಯುತ್ತಿತ್ತು? ಇದೇ ನನ್ನ ಅರ್ಧ ದಿನ ತಿಂದದ್ದು. ಕೊನೆಗೆ ಹೊಸ ಸರ್ವರಿನ ಲಾಗ್ ಫೋಲ್ಡರಿನಲ್ಲಿ ಪ್ರೊಡಕ್ಷನ್ (ನಿಜ ಬಳಕೆಯ) ಲಾಗ್‌ನ ಪಕ್ಕದಲ್ಲೇ ಡೆವಲಪ್‌ಮೆಂಟ್ (ಕೋಡ್ ಬರೆಯುವಾಗಿನ) ಲಾಗ್ ಒಂದು ಉಬ್ಬುತ್ತಾ ಕೂತದ್ದು ಕಂಡಿತು. ಸರ್ವರಿನಲ್ಲಿ ಇದಕ್ಕೇನು ಕೆಲಸ? ಸೈಡ್‌ಕಿಕ್ ಅನ್ನು ಎಬ್ಬಿಸುವ ಸಿಸ್ಟಮ್‌ಡಿ ಫೈಲಿನಲ್ಲಿ, ಇವೆರಡರಲ್ಲಿ ಯಾವುದರಲ್ಲಿ ಓಡಬೇಕು ಎಂದು ಹೇಳುವ 'ರೈಲ್ಸ್ ಎನ್ವ್' ಹಾಕಲು ಮರೆತಿದ್ದೆ. ನಾವು ಹೇಳದಿದ್ದರೆ ಸೈಡ್‌ಕಿಕ್ ತನ್ನಷ್ಟಕ್ಕೆ ಡೆವಲಪ್‌ಮೆಂಟ್‌ನಲ್ಲಿ ಏಳುತ್ತದೆ. ಡೇಟಾಬೇಸ್ ವಿಳಾಸ ಎರಡಕ್ಕೂ ಒಂದೇ ಕಡೆಯಿಂದ ಸಿಗುತ್ತಿದ್ದುದರಿಂದ ಬೇರೇನೂ ಕೆಡಲಿಲ್ಲ, ಗೊತ್ತೂ ಆಗಲಿಲ್ಲ. ಹಳೆಯ ಸರ್ವರಿನಲ್ಲಿ ಅದು ಪ್ರೊಡಕ್ಷನ್‌ನಲ್ಲೇ ಓಡುತ್ತಿತ್ತು. ಅಲ್ಲಾದರೆ ಈಗರ್ ಲೋಡ್ ಇರುತ್ತದೆ. ಏಳುವಾಗಲೇ ಕಂಟ್ರೋಲರ್ ಸಹಿತ ಎಲ್ಲ ಓದಿಕೊಳ್ಳುತ್ತದೆ, ಆ 'ರಿಕ್ವೈರ್' ಕೂಡ ಓಡುತ್ತದೆ. ಇಷ್ಟು ದಿನ ನಡೆದದ್ದು ಬರೀ ಅದೃಷ್ಟ.

ಸಿಸ್ಟಮ್‌ಡಿಗೆ ಆ ಒಂದು ಸಾಲು ಸೇರಿಸಿದೆ. ಫೈಲನ್ನು ಆ್ಯಪ್ ಫೋಲ್ಡರಿನೊಳಗೆ ಸರ್ವಿಸಸ್‌ಗೆ ಸಾಗಿಸಿ 'ರಿಕ್ವೈರ್' ಅಳಿಸಿದೆ. ರೈಲ್ಸ್ 7.1ರಿಂದ ಲಿಬ್ ಅನ್ನೇ ಆಟೋಲೋಡ್‌ಗೆ ಸೇರಿಸುವ ಸುಲಭ ದಾರಿಯೂ ಇದೆ, ನನಗೆ ಇದೇ ಇಷ್ಟ.

ಬಾಕಿಯಾದ ಚೀಟಿಗಳನ್ನು ನಾನು ಮುಟ್ಟಲಿಲ್ಲ. ಸೋತ ಕೆಲಸವನ್ನು ಸೈಡ್‌ಕಿಕ್ 25 ಸಲ, ಸುಮಾರು ಮೂರು ವಾರ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದರೆ ಸಲದಿಂದ ಸಲಕ್ಕೆ ಅಂತರ ಜಾಸ್ತಿಯಾಗುತ್ತದೆ. ಮೂರನೇ ದಿನಕ್ಕೆ ಅದು ಅರ್ಧ ದಿನಕ್ಕೂ ಮೀರಿತ್ತು. ಹಾಗಾಗಿ ಪೆರ್ಲದ ಅಜ್ಜನೊಬ್ಬರಿಗೆ ಚೀಟಿ ಮುಟ್ಟಿದ್ದು ನಡುರಾತ್ರಿ ಎರಡೂವರೆಗೆ. ಬೆಳಿಗ್ಗೆ ವ್ಯಾಪಾರಿಗೆ ಫೋನ್ ಮಾಡಿ ಕೇಳಿದರಂತೆ, "ನೀವು ರಾತ್ರಿಯೂ ಅಡಿಕೆ ತೂಗುತ್ತೀರಾ?"