ಗೀಸರ್ ಆನ್ ಇದ್ದರೂ ಶವರ್‌ನಲ್ಲಿ ತಣ್ಣೀರು ಬಂದರೆ ಮೊದಲು ಆಂಗಲ್ ಕಾಕ್ ಮುಚ್ಚಿ ನೋಡಿ

ಗೀಸರ್ ಹಾಕಿ ಅರ್ಧ ಗಂಟೆ ಆಗಿದೆ, ಶವರ್ ತಿರುಗಿಸಿದರೆ ಉಗುರುಬೆಚ್ಚಗಿನ ನೀರು. ತಕ್ಷಣ ‘ಕಾಯಿಲ್ ಹೋಯ್ತು’ ಅನ್ನಬೇಡಿ. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ.

ಗೀಸರ್‌ಗೆ ತಣ್ಣೀರು ಹೋಗುವ ಆಂಗಲ್ ಕಾಕ್ (ಗೋಡೆಯಲ್ಲಿರುವ ಪುಟ್ಟ ವಾಲ್ವ್) ಪೂರ್ತಿ ಮುಚ್ಚಿ, ಬಿಸಿನೀರಿನ ನಲ್ಲಿ ಮಾತ್ರ ತಿರುಗಿಸಿ. ನೀರು ಸ್ವಲ್ಪ ಹೊತ್ತಲ್ಲೇ ನಿಲ್ಲಬೇಕು. ಸುರಿಯುತ್ತಲೇ ಇದ್ದರೆ ಗೀಸರ್‌ದು ತಪ್ಪಿಲ್ಲ, ಎಲ್ಲೋ ಒಂದು ಮಿಕ್ಸರ್‌ನಲ್ಲಿ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ. ಹ್ಯಾಂಡ್ ಶವರ್‌ನ ಗುಂಡಿ ಒತ್ತಿ ನೀರು ನಿಲ್ಲಿಸಿ, ಮಿಕ್ಸರ್‌ನ ಎರಡೂ ಹಿಡಿ ತೆರೆದೇ ಬಿಟ್ಟರೂ ಹೀಗಾಗುತ್ತದೆ. ಒಂದೇ ಹಿಡಿಯ ಮಿಕ್ಸರ್ ಆದರೆ ಒಳಗೆ ನೀರು ಬೆರೆಸುವ ಬಿಡಿಭಾಗ, ಅಂದರೆ ಕಾರ್ಟ್ರಿಜ್ ಸವೆದಿರುತ್ತದೆ. 35 ಮಿ.ಮೀ., 40 ಮಿ.ಮೀ. ಎರಡೂ ಅಳತೆ ಸಿಗುವುದರಿಂದ ಹಳೆಯದನ್ನೇ ಅಂಗಡಿಗೆ ಒಯ್ಯಿರಿ.

ಮೊದಲು ಬಿಸಿ, ನಾಲ್ಕು ನಿಮಿಷಕ್ಕೆ ತಣ್ಣಗೆ ಅನ್ನುವುದು ಕೆಟ್ಟ ಲಕ್ಷಣವಲ್ಲ, ಲೆಕ್ಕ. 60 ಡಿಗ್ರಿಯ 15 ಲೀಟರ್‌ಗೆ 25 ಡಿಗ್ರಿಯ ತಣ್ಣೀರು ಬೆರೆಸಿದರೆ ಮೈಗೆ ಹಿತವಾದ 40 ಡಿಗ್ರಿಯ ನೀರು ಹೆಚ್ಚೆಂದರೆ 35 ಲೀಟರ್. ನಿಮಿಷಕ್ಕೆ 9 ಲೀಟರ್ ಸುರಿಸುವ ಶವರ್‌ಗೆ ಅದೆಷ್ಟು ಹೊತ್ತು? ಬಕೆಟ್ಟಿನವರಿಗೆ ಈ ತಕರಾರೇ ಇಲ್ಲ.

ಕಾಯುವುದೇ ನಿಧಾನವಾದರೆ ಗಡಿಯಾರ ನೋಡಿ. 2 ಕಿಲೋವ್ಯಾಟ್ ಗೀಸರ್ 15 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 18 ನಿಮಿಷ ತೆಗೆದುಕೊಳ್ಳುತ್ತದೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಅದೇ ಎಲಿಮೆಂಟ್ (ಕಾಯಿಲ್) 1.2 ಕಿಲೋವ್ಯಾಟ್ ಮಾತ್ರ ಕೊಡುತ್ತದೆ, ಅರ್ಧ ಗಂಟೆ ಬೇಕು. ಬೆಳಗಿನ ಆರಕ್ಕೆ ನಿಧಾನ, ಮಧ್ಯಾಹ್ನ ಸರಿ ಎಂದಾದರೆ ತಪ್ಪು ಕರೆಂಟಿನದು.

ಇನ್ನು ಸವಳು ನೀರಿನ ಕಾಟ. ದಾವಣಗೆರೆಗೆ ತುಂಗಭದ್ರೆಯ ನೀರು, ಚಿತ್ರದುರ್ಗಕ್ಕೆ ಸೂಳೆಕೆರೆ, ವಾಣಿವಿಲಾಸ ಸಾಗರದ ನೀರು ಬಂದರೂ, ಆ ನೀರನ್ನು ಕುಡಿಯಲು ಹಿಡಿದಿಟ್ಟು ಸ್ನಾನಕ್ಕೆ ಬೋರ್ ಹಾಕುವ ಮನೆಗಳು ಕಡಿಮೆಯಿಲ್ಲ. ನೀರು ಕಾದಾಗ ಸುಣ್ಣದ ಪದರ ಎಲಿಮೆಂಟ್‌ಗೆ ಮೆತ್ತಿಕೊಳ್ಳುತ್ತದೆ. ಗೀಸರ್ ಒಳಗೆ ಹುರಿದಂಥ ಚಟಪಟ ಸದ್ದು ಬಂದರೆ ಅದೇ. ಆ ಪದರದಡಿ ಎಲಿಮೆಂಟ್ ಅತಿಯಾಗಿ ಕಾದು ಒಂದು ದಿನ ಬಿರುಕು ಬಿಡುತ್ತದೆ.

ಬಿಚ್ಚುವುದಾದರೆ ಸ್ವಿಚ್ ಆರಿಸಿದರೆ ಸಾಲದು, ಮೀಟರ್ ಬೋರ್ಡಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಪ್ಲಗ್ ಕೀಳಿ. ನೀರು ತಣಿದ ಮೇಲೆ ಕಾಕ್ ಮುಚ್ಚಿ, ಟ್ಯಾಂಕ್ ಬಸಿದು, ಎಲಿಮೆಂಟ್ ಕೂತಿರುವ ಕೆಳಗಿನ ಫ್ಲ್ಯಾಂಜ್ (ಬೋಲ್ಟ್ ಹಾಕಿದ ಮುಚ್ಚಳ) ಬಿಚ್ಚಿ. ಜೊತೆಗಿರುವ ಮೆಗ್ನೀಸಿಯಂ ಆ್ಯನೋಡ್ (ಟ್ಯಾಂಕಿನ ಬದಲು ತಾನು ಸವೆಯುವ ಕಡ್ಡಿ) ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ಅದು ಕರಗಿ ಮುಗಿದ ಮೇಲೆ ತುಕ್ಕು ಹಿಡಿಯುವುದು ಟ್ಯಾಂಕಿಗೇ. ಬೋರ್ ನೀರಾದರೆ ವರ್ಷಕ್ಕೊಮ್ಮೆ ನೋಡಬೇಕು. ಎಲಿಮೆಂಟನ್ನು ಲೀಟರ್ ಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ಒಂದೆರಡು ಗಂಟೆ ನೆನೆಸಿ, ಸುತ್ತಿಗೆಯಲ್ಲಿ ಬಡಿಯಬೇಡಿ. ಶವರ್ ತಲೆಯ ತೂತು ಕಟ್ಟಿದ್ದರೂ ಇದೇ ಮದ್ದು. ಎಲಿಮೆಂಟ್ ಒಣಗಿದ ಮೇಲೆ ಮಲ್ಟಿಮೀಟರ್ ಇಡಿ: 2 ಕಿಲೋವ್ಯಾಟ್‌ಗೆ ಸುಮಾರು 26 ಓಮ್ ಬರಬೇಕು. ಟರ್ಮಿನಲ್‌ಗೂ ಲೋಹದ ಹೊರಕವಚಕ್ಕೂ ನಡುವೆ ಏನಾದರೂ ರೀಡಿಂಗ್ ಬಂದರೆ ಆ ಎಲಿಮೆಂಟ್ ಗುಜರಿಗೆ. ಗ್ಯಾಸ್ಕೆಟ್ ಹೊಸದೇ ಹಾಕಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ಧಾರೆ ಬಂದ ಮೇಲೇ ಸ್ವಿಚ್. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಎಲಿಮೆಂಟೂ ಸುಟ್ಟುಹೋಗುತ್ತದೆ.

ಸೇಫ್ಟಿ ವಾಲ್ವ್ ತೊಟ್ಟಿಕ್ಕಿದರೆ ಕೆಲವರು ಪ್ಲಗ್ ಹಾಕಿ ಮುಚ್ಚುತ್ತಾರೆ. ಇದಕ್ಕಿಂತ ಅಪಾಯದ ಜಾಣತನ ಇನ್ನೊಂದಿಲ್ಲ. 15 ಲೀಟರ್ ನೀರು ಕಾದಾಗ ಸುಮಾರು 200 ಮಿ.ಲೀ. ಹಿಗ್ಗುತ್ತದೆ, ಕಾಯುವಾಗ ತೊಟ್ಟಿಕ್ಕುವುದು ಅದೇ. ನೀರು ಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಅಂಟಿಕೊಂಡ ದಿನ ಆ ದಾರಿ ಮುಚ್ಚಿದ್ದರೆ ಟ್ಯಾಂಕ್ ಸಿಡಿಯುತ್ತದೆ. ಆರಿಸಿಟ್ಟಾಗಲೂ ನಿಲ್ಲದೆ ಸೋರಿದರೆ ವಾಲ್ವ್ ಬದಲಿಸಿ.

2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ, 6 ಆಂಪ್ ಸಾಕೆಟ್ ಕರಗುತ್ತದೆ. 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಬೇಕೇ ಬೇಕು. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಅವತ್ತೇ ಬಳಕೆ ನಿಲ್ಲಿಸಿ. ಬಕೆಟ್ಟಿನ ರಾಡ್ ಆದರೆ ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈ.

ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ನೀರಿನ ಒತ್ತಡ ನೋಡಿ. ಮೇಲಿನ ಟ್ಯಾಂಕ್ ಒಂದು ಮೀಟರ್ ಎತ್ತರವಿದ್ದರೆ ಸಿಗುವ ಒತ್ತಡ ಬರೀ 0.1 ಬಾರ್. ಆದರೆ ಗ್ಯಾಸ್ ಗೀಸರ್‌ನ ಜಾಗ ಸ್ನಾನದ ಕೋಣೆಯ ಹೊರಗೆ. ಚಳಿಗಾಲದಲ್ಲಿ ವೆಂಟಿಲೇಟರ್‌ಗೆ ಗೋಣಿಚೀಲ ತುರುಕಿ ಒಳಗೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜ್ವಾಲೆ ನೀಲಿಯ ಬದಲು ಹಳದಿಯಾದರೆ ಕೂಡಲೇ ನಿಲ್ಲಿಸಿ. ಒಳಗಿದ್ದವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆಯಿರಿ, ಬಯಲು ಗಾಳಿಗೆ ಎಳೆದು ತನ್ನಿ, ಗ್ಯಾಸ್ ಮುಚ್ಚಿಸಿ, 108ಕ್ಕೆ ಕರೆ ಮಾಡಿ.