ಅಜ್ಜಿಯ ತಲೆ ಮೇಲೆ ಫ್ಯಾನು

ಮೂರು ವರ್ಷದ ಹಿಂದೆ ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500 ಕ್ಯಾಮೆರಾ ಕೊಂಡೆ. ಜೊತೆಗೆ ಬಂದದ್ದು 18-55 ಮಿ.ಮೀ. ಜೂಮಿನ ಕಿಟ್ ಲೆನ್ಸ್, ಅಂದರೆ ಕ್ಯಾಮೆರಾ ಜೊತೆಗೇ ಕೊಡುವ ಸಾಧಾರಣ ಲೆನ್ಸ್. ಅದರ ಮೊದಲ ಕೆಲಸ ಅಕ್ಕನ ಮಗಳ ನಾಮಕರಣ. 280 ಫೋಟೋ ತೆಗೆದೆ. ಅದರಲ್ಲೊಂದರಲ್ಲಿ ನಮ್ಮಜ್ಜಿ ಮರಿಮಗಳನ್ನು ತೊಡೆ ಮೇಲೆ ಮಲಗಿಸಿಕೊಂಡು ನಗುತ್ತಿದ್ದಾರೆ. ಅವರು ಹಾಗೆ ನಗುವುದೇ ಅಪರೂಪ. ಆದರೆ ಹಿಂದಿದ್ದ ಫ್ಯಾನು ಅವರ ನೆತ್ತಿಯಿಂದಲೇ ಮೊಳೆತ ಹಾಗೆ ಬಂದಿದೆ. ಪಕ್ಕದಲ್ಲಿ ಯಾರದ್ದೋ ಅರ್ಧ ಮೊಣಕೈ. "ಅಜ್ಜಿಗೆ ಕಿರೀಟ ತೊಡಿಸಿಬಿಟ್ಟಿದ್ದೀಯಲ್ಲೋ" ಎಂದು ಭಾವ ನಕ್ಕರು.

ಫ್ಯಾನು ಅಲ್ಲೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೇ. ನಮ್ಮ ಕಣ್ಣು ಬೇಕಾದ ಮುಖವನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಕ್ಯಾಮೆರಾಗೆ ಆ ದಾಕ್ಷಿಣ್ಯ ಇಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಬಟನ್ ಒತ್ತುವ ಮೊದಲು ವ್ಯೂಫೈಂಡರ್‌ನ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ, ನಾಲ್ಕೂ ಅಂಚಿನ ಮೇಲೆ ಒಮ್ಮೆ ಕಣ್ಣಾಡಿಸುವುದು. ಕಂಬ, ವೈರು, ಪ್ಲಾಸ್ಟಿಕ್ ಕುರ್ಚಿ, ಅರ್ಧ ಕತ್ತರಿಸಿದ ಕೈ ಎಲ್ಲ ಆಗ ಕಾಣುತ್ತವೆ. ಹೆಚ್ಚಿನ ಸಲ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ, ಇಲ್ಲವೇ ಮಂಡಿಯೂರಿ ಕೂತರೆ ಸಾಕು. ಅದಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ.

ಹಿನ್ನೆಲೆ ಮಸುಕಾಗಬೇಕು ಅಂದರೆ ದೊಡ್ಡ ಲೆನ್ಸೇ ಬೇಕು ಅಂತ ನಾನೂ ನಂಬಿದ್ದೆ. ಕಿಟ್ ಲೆನ್ಸಿನಲ್ಲೂ ಆಗುತ್ತದೆ. ಜೂಮನ್ನು 55ಕ್ಕೆ ತಿರುಗಿಸಿ. ಫೋಟೋ ತೆಗೆಸಿಕೊಳ್ಳುವವರ ಹತ್ತಿರಕ್ಕೆ, ಸುಮಾರು ನಾಲ್ಕು ಅಡಿಗೆ ಹೋಗಿ. ಅವರ ಹಿಂದಿನ ಗೋಡೆ 15-20 ಅಡಿ ದೂರ ಇರುವ ಹಾಗೆ ನಿಲ್ಲಿಸಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಈ ಲೆನ್ಸಿನಲ್ಲಿ ಗೋಡೆಯ ಸುಣ್ಣವೂ ಹೆಚ್ಚುಕಡಿಮೆ ಸ್ಪಷ್ಟವಾಗೇ ಬರುತ್ತದೆ.

ಮೂರರ ನಿಯಮ ಅಂತ ಒಂದಿದೆಯಲ್ಲ, ಚೌಕಟ್ಟನ್ನು ಒಂಬತ್ತು ಭಾಗ ಮಾಡಿ ಗೆರೆಗಳು ಸೇರುವ ಕಡೆ ವಸ್ತುವನ್ನು ಇಡುವುದು. ಎರಡು ವಾರ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ, ಆ ಗೆರೆಗಳ ಗ್ರಿಡ್ ಹಾಕಿಕೊಂಡು ಸಿಕ್ಕಿದ್ದನ್ನೆಲ್ಲ ಅಲ್ಲಿಗೆ ತಳ್ಳಿದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ ಹಕ್ಕಿ, ಮನೆಯ ಚೊಂಬು, ನಾಯಿ, ಎಲ್ಲವನ್ನೂ. ಹಕ್ಕಿ ಎಡಕ್ಕೆ ನೋಡುತ್ತಿದ್ದರೂ ಎಡಗಡೆಯ ಗೆರೆಗೇ ಕೂರಿಸಿದ್ದೆ. ಅದು ಚೌಕಟ್ಟಿಗೆ ಮೂತಿ ತಗುಲಿಸಿಕೊಂಡ ಹಾಗೆ ಕಾಣುತ್ತಿತ್ತು. ನೋಟ ಯಾವ ಕಡೆಗಿದೆಯೋ ಆ ಕಡೆ ಜಾಗ ಬಿಡಬೇಕು ಎಂಬುದು ಗ್ರಿಡ್ಡಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ನಿಜವಾದ ಪಾಠ ಆಗಿದ್ದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ. ಬಣ್ಣಬಣ್ಣದ ಕುಂಕುಮದ ಗುಡ್ಡೆಯ ಫೋಟೋ ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದೆ, ಅದನ್ನು ಬಿಡಿ. ನಾನು ಹಿಡಿದು ಕೂತಿದ್ದು ಮಲ್ಲಿಗೆ ಕಟ್ಟುವ ಒಬ್ಬ ಅಜ್ಜಿಯನ್ನು. ಮೊದಲೇ ಅವರ ಒಪ್ಪಿಗೆ ಕೇಳಿಕೊಂಡಿದ್ದೆ. ಜೂಮನ್ನು 35ಕ್ಕೆ ಇಟ್ಟು ರಿಂಗಿನ ಮೇಲೆ ಟೇಪ್ ಅಂಟಿಸಿದ್ದೆ. ಹತ್ತಿರ ಬೇಕಾದರೆ ನಾನೇ ಹೋಗಬೇಕು. ಎಂಟು ಭಾನುವಾರ ಅದೇ ಅಂಗಡಿ, ಅದೇ ಬೆಳಗಿನ ಬೆಳಕು.

ಮೊದಲ ವಾರ ಮಲ್ಲಿಗೆ ರಾಶಿ ಬೂದಿಯ ಹಾಗೆ ಬಂತು. ಕಾರಣ ಆಮೇಲೆ ತಿಳಿಯಿತು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರು ಎದುರಿಗಿರುವುದನ್ನೆಲ್ಲ ಮಧ್ಯಮ ಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳಿ ಹೂವಿದ್ದರೆ "ಬೆಳಕು ಜಾಸ್ತಿಯಾಯಿತು" ಅಂತ ಕಡಿಮೆ ಮಾಡುತ್ತದೆ. ಫೋಟೋ ತೆಗೆಯುವ ಶಟರ್ ಬಟನ್ ಹತ್ತಿರ ಪ್ಲಸ್ ಮೈನಸ್ ಗುರುತಿನ ಗುಂಡಿ ಇದೆ. ಅದನ್ನು ಒತ್ತಿ ಡಯಲ್ ತಿರುಗಿಸಿ +1 ಮಾಡಿದೆ. ಮಲ್ಲಿಗೆ ಮಲ್ಲಿಗೆಯಾಯಿತು. ಕಪ್ಪು ಕಂಬಳಿ, ಕರಿ ಎಮ್ಮೆ ಆದರೆ ಇದರ ಉಲ್ಟಾ, ಮೈನಸ್.

ಎರಡನೇ ವಾರ ಹೂ ಸರಿ, ಕೈ ಇಲ್ಲ. ಬಾಳೆನಾರನ್ನು ಸುತ್ತಿ ಗಂಟು ಹಾಕುವ ಬೆರಳು ಎಷ್ಟು ಚುರುಕು ಅಂತೀರಿ! ಶಟರ್ ಸೆಕೆಂಡಿನ 1/60 ಭಾಗ ತೆರೆದಿದ್ದರೆ ಬೆರಳಿನ ಜಾಗದಲ್ಲಿ ಬರೀ ಹೊಗೆ. 1/250ಕ್ಕೆ ಏರಿಸಿದೆ. ಬೆಳಕು ನಾಲ್ಕು ಪಟ್ಟು ಕಡಿಮೆಯಾಯಿತು. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಐಎಸ್ಒ 400 ಇದ್ದದ್ದನ್ನು 1600 ಮಾಡಿ ಸರಿದೂಗಿಸಿದೆ. ಸ್ವಲ್ಪ ಕಾಳುಕಾಳಾಗಿ ಬಂತು, ಬರಲಿ. ಕಾಳು ಬಂದರೂ ಫೋಟೋ ಉಳಿಯುತ್ತದೆ, ಅಲುಗಿದರೆ ಎಸೆಯುವುದೇ.

ಫೋಕಸ್ ಇನ್ನೊಂದು ಕಾಟ. ಕ್ಯಾಮೆರಾಗೇ ಬಿಟ್ಟರೆ ಅದು ಮುಂದಿನ ಬುಟ್ಟಿಯ ಅಂಚನ್ನೇ ಹಿಡಿಯುತ್ತಿತ್ತು. ಒಂದೇ ಚುಕ್ಕೆಯ ಮೇಲೆ ಫೋಕಸ್ ಮಾಡುವ ಸಿಂಗಲ್ ಪಾಯಿಂಟ್ ಇಟ್ಟು ಅದನ್ನು ಗಂಟು ಬೀಳುವ ಬೆರಳ ತುದಿಯ ಮೇಲೆ ನಾನೇ ಕೂರಿಸಿದೆ.

ಪ್ರತಿ ಭಾನುವಾರ ರಾತ್ರಿ ಕೆಟ್ಟ ಫೋಟೋಗಳನ್ನೇ ತೆರೆದು ಅದರ ಶಟರ್, ಐಎಸ್ಒ ಎಷ್ಟಿತ್ತು ಅಂತ ನೋಡುತ್ತಿದ್ದೆ. ಚೆನ್ನಾಗಿ ಬಂದವು ಎಷ್ಟೋ ಸಲ ಅದೃಷ್ಟಕ್ಕೆ ಬಂದಿರುತ್ತವೆ. ಕೆಟ್ಟದ್ದಕ್ಕೆ ಮಾತ್ರ ಕಾರಣ ಸಿಕ್ಕೇ ಸಿಗುತ್ತದೆ.

ಐದನೇ ವಾರ ಅಜ್ಜಿ ತಲೆ ಎತ್ತದೆಯೇ ಕೇಳಿದರು. "ಏನಪ್ಪ, ವಾರವಾರ ಬರ್ತೀಯ, ಒಂದು ಮೊಳ ಹೂನೂ ತಗೊಳ್ಳಲ್ಲ." ನಾಚಿಕೆಯಾಗಿ ಎರಡು ಮಾರು ತಗೊಂಡೆ.

ಎಂಟನೇ ವಾರದ್ದು ಬರೀ ಎರಡು ಕೈ, ನಾರು, ಅರ್ಧ ಕಟ್ಟಿದ ದಂಡೆ. ಹಿಂದೆ ಒದ್ದೆ ಗೋಣಿ ಕಪ್ಪಗೆ. ಅದನ್ನು ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಇಸ್ಕೊಂಡರು. ತಿರುಗಿಸಿ ಮುರುಗಿಸಿ ನೋಡಿದರು.

"ಹೂ ಚೆನ್ನಾಗಿದೆ. ನನ್ ಮಕ ಎಲ್ಲಪ್ಪ?"

ಮುಂದಿನ ಭಾನುವಾರ ಮುಖ ತೆಗೆಯಲು ಹೋದೆ. ಹೊಸ ಸೀರೆ ಉಟ್ಟುಕೊಂಡು, ಅಂಗಡಿಯ ದೇವರ ಪಟದ ಕೆಳಗೆ ನೆಟ್ಟಗೆ ಕೂತಿದ್ದರು. ಪಟದ ಸೀರಿಯಲ್ ಲೈಟು ಸರಿಯಾಗಿ ಅವರ ತಲೆ ಮೇಲೆ. ಸರಿಯಲು ಹೇಳೋಣ ಅಂದುಕೊಂಡೆ. ಹೇಳಲಿಲ್ಲ.