ಸೆಲ್ಫ್ ಹೊಡೆಯುತ್ತೆ, ಇಂಜಿನ್ ಹಿಡಿಯಲ್ಲ: ಕಾರ್ಬೊರೇಟರ್ ಮಾರುತಿ 800ರಲ್ಲಿ ದೋಷ ಹುಡುಕುವುದು

ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬರುವ ಮುಂಚಿನ ಮಾರುತಿ 800 ಬಹಳ ಸರಳ ಗಾಡಿ. 796 ಸಿಸಿ, ಮೂರು ಸಿಲಿಂಡರ್, ಇಂಜಿನ್ ತಲೆಯ ಮೇಲೇ ಕೂತ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್, ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಒಂದು ಡಿಸ್ಟ್ರಿಬ್ಯೂಟರ್. ಇಷ್ಟೇ ಇದ್ದರೂ ಸ್ಟಾರ್ಟ್ ಆಗದಿದ್ದಾಗ ಹೆಚ್ಚಿನವರು ಮೊದಲು ಕೈ ಹಾಕುವುದು ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ಗೆ. ಅದು ಕೊನೆಗೆ ಮುಟ್ಟಬೇಕಾದ ಜಾಗ. ಮೊದಲು ಕರೆಂಟ್, ಆಮೇಲೆ ಪೆಟ್ರೋಲ್.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಒಂದಿದ್ದ ದೋಷದ ಜೊತೆ ಬ್ಯಾಟರಿಯೂ ಕೂತುಬಿಡುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. 9.6 ವೋಲ್ಟ್‌ಗಿಂತ ಕೆಳಗಿಳಿದರೆ ಇಂಜಿನ್ ತಿರುಗಿದರೂ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ತಯಾರಿಸುವ ಕಾಯಿಲ್‌ಗೆ ಸಾಕಷ್ಟು ಶಕ್ತಿ ಸಿಗುವುದಿಲ್ಲ. ಹಾಗಾದರೆ ಬ್ಯಾಟರಿ ಚಾರ್ಜ್ ಮಾಡಿ, ಟರ್ಮಿನಲ್ ಉಜ್ಜಿ, ಅರ್ಥ್ ವಯರ್ ಬಿಗಿ ಮಾಡಿ, ಆಮೇಲೆ ಮುಂದಿನ ಮಾತು.

ಈಗ ಕರೆಂಟ್ ನೋಡೋಣ. ಒಂದು ಪ್ಲಗ್ ವಯರ್ ಬಿಚ್ಚಿ, ಅದಕ್ಕೆ ಹಳೆಯ ಒಳ್ಳೆಯ ಪ್ಲಗ್ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಇಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ಇಡಿ. ಕೈಯಲ್ಲಿ ಹಿಡಿಯಬೇಡಿ, ಹೊಡೆತ ಜೋರಾಗಿರುತ್ತದೆ. ಹತ್ತಿರದಲ್ಲಿ ಪೆಟ್ರೋಲ್ ಸೋರಿರಬಾರದು. ಇನ್ನೊಬ್ಬರು ಸೆಲ್ಫ್ ಹೊಡೆದಾಗ ನೀಲಿ ಬಣ್ಣದ ಕಿಡಿ ಚಟ್ ಚಟ್ ಎಂದು ಬಂದರೆ ಕರೆಂಟ್ ಸರಿ ಇದೆ. ಹಳದಿಯಾಗಿ, ಸೋತಂತೆ ಬಂದರೆ ಅಥವಾ ಬರದೇ ಇದ್ದರೆ ದೋಷ ಇಲ್ಲೇ ಇದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಸೆಲ್ಫ್ ಹೊಡೆಸಿ, ಅದರೊಳಗಿನ ತಿರುಗುವ ತುಂಡು, ಅಂದರೆ ರೋಟರ್, ತಿರುಗುತ್ತದೆಯೇ ನೋಡಿ. ಈ ಇಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ನಿಂದ, ಕ್ಯಾಮ್‌ಶಾಫ್ಟ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದ. ರೋಟರ್ ಅಲ್ಲಾಡದೆ ನಿಂತಿದ್ದರೆ ಹೆಚ್ಚಾಗಿ ಬೆಲ್ಟ್ ಹರಿದಿದೆ ಅಥವಾ ಅದರ ಹಲ್ಲು ಕಿತ್ತಿದೆ ಎಂದೇ ಅರ್ಥ. ಆಗ ಸೆಲ್ಫ್ ಶಬ್ದವೂ ಎಂದಿನಂತಿರದೆ ಹಗುರಾಗಿ, ಒಂದೇ ಸಮನೆ ಗಿರ್ ಎನ್ನುತ್ತದೆ. ಅಲ್ಲಿಗೇ ನಿಲ್ಲಿಸಿ, ಮತ್ತೆ ಸೆಲ್ಫ್ ಹೊಡೆಯಬೇಡಿ.

ರೋಟರ್ ತಿರುಗುತ್ತಿದ್ದರೆ ಕ್ಯಾಪನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಕರೆಂಟ್ ಕದಿಯುವ ದಾರಿ. ಉಜ್ಜಿದರೆ ಹೋಗದು, ಕ್ಯಾಪ್ ಬದಲಿಸಬೇಕು. ನಡುವಿನ ಕಾರ್ಬನ್ ಗುಂಡಿ ಸವೆದಿರಬಾರದು, ಬೆರಳಲ್ಲಿ ಒತ್ತಿದರೆ ಸ್ಪ್ರಿಂಗ್‌ನಂತೆ ಹಿಂದಕ್ಕೆ ಬರಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಕ್ಯಾಪ್ ಒಳಗೆ ಬೆವರಿದಂತೆ ತೇವ ಕೂತಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಹಾಕಿದರೆ ಎಷ್ಟೋ ಗಾಡಿಗಳು ಆ ಕ್ಷಣವೇ ಸ್ಟಾರ್ಟ್ ಆಗುತ್ತವೆ. ಬಿಚ್ಚಿದ ವಯರ್‌ಗಳನ್ನು ಮರಳಿ ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಸಿಗುವ ಸರದಿ) 1-3-2 ಎಂಬುದು ನೆನಪಿರಲಿ. ಅದಲು ಬದಲಾದರೆ ಕಾರ್ಬೊರೇಟರ್ ಬಾಯಿಂದ ಪಟ್ ಎಂದು ಹಿಂದಕ್ಕೆ ಸಿಡಿಯುತ್ತದೆ.

ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕೂಡಿ ತೆರೆಯುತ್ತ ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್) ಇರುವ ಹಳೆಯ ಗಾಡಿಯಲ್ಲಿ ಹನ್ನೆರಡು ವೋಲ್ಟ್‌ನ ಸಣ್ಣ ಟೆಸ್ಟ್ ಲ್ಯಾಂಪ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಲ್ಯಾಂಪ್‌ನ ಒಂದು ತುದಿ ಅರ್ಥ್‌ಗೆ. ಕೀ ಆನ್ ಮಾಡಿ ಇನ್ನೊಂದು ತುದಿಯನ್ನು ಕಾಯಿಲ್‌ನ ಪ್ಲಸ್‌ಗೆ ಹಿಡಿದರೆ ಉರಿಯಬೇಕು. ಉರಿಯದಿದ್ದರೆ ಫ್ಯೂಸ್, ಕೀ ಸ್ವಿಚ್, ಇಲಿ ಕಡಿದ ವಯರ್ ಹುಡುಕಿ. ಪ್ಲಸ್ ಸರಿಯಿದ್ದರೆ ಲ್ಯಾಂಪನ್ನು ಮೈನಸ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಮಿಣುಕಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ, ಆದರೂ ಕಾಯಿಲ್‌ನ ದಪ್ಪ ವಯರ್‌ನಲ್ಲಿ ಕಿಡಿ ಇಲ್ಲವೆಂದರೆ ಪಾಯಿಂಟ್ ಮುಖ ಸುಡದಂತೆ ಕಾಯುವ ಕಂಡೆನ್ಸರ್ ಅಥವಾ ಕಾಯಿಲ್ ಹೋಗಿದೆ. ಮಿಣುಕದೆ ಒಂದೇ ಸಮನೆ ಉರಿಯುತ್ತಿದ್ದರೆ ಪಾಯಿಂಟ್ ಮುಖ ಕಪ್ಪಾಗಿ ಕೂಡುತ್ತಿಲ್ಲ. ಉರಿಯದೇ ಇದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಎಲ್ಲೋ ಅರ್ಥ್ ಆಗಿದೆ, ಇಲ್ಲವೇ ಕಾಯಿಲ್ ಒಳಗೆ ತುಂಡಾಗಿದೆ. ಪಾಯಿಂಟ್ ಮುಖವನ್ನು ನಯವಾದ ಎಮರಿಯಿಂದ ಉಜ್ಜಿ, ಪೂರ್ತಿ ತೆರೆದ ಸ್ಥಿತಿಯಲ್ಲಿ ಗ್ಯಾಪ್ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್‌ನಿಂದ 0.4ರಿಂದ 0.5 ಮಿಮೀ ಗ್ಯಾಪ್ ಇಡಿ. ಕಂಡೆನ್ಸರ್ ಅಗ್ಗದ ವಸ್ತು, ಅನುಮಾನ ಬಂದರೆ ಬದಲಿಸಿಯೇ ಬಿಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಪಾಯಿಂಟ್ ಇರುವುದಿಲ್ಲ. ಅಲ್ಲಿ ಪ್ಲಗ್ ವಯರ್ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಪಾಯಿಂಟ್‌ನ ಕೆಲಸ ಮಾಡುವ ಇಗ್ನೈಟರ್ ಸುಡಬಹುದು.

ಕೀ ತಿರುಗಿಸಿ ಹಿಡಿದಾಗ ಇಂಜಿನ್ ಹಿಡಿದು, ಕೀ ಬಿಟ್ಟ ಕೂಡಲೇ ಆರಿದರೆ ಪಾಯಿಂಟ್ ಮುಟ್ಟಬೇಡಿ. ಕೀ ಸ್ವಿಚ್‌ನ ಆನ್ ಸ್ಥಿತಿಯ ಕಾಂಟ್ಯಾಕ್ಟ್ ನೋಡಿ, ಕಾಯಿಲ್‌ಗೆ ರೆಸಿಸ್ಟರ್ ಇದ್ದರೆ ಅದನ್ನೂ ನೋಡಿ.

ಕರೆಂಟ್ ಚೆನ್ನಾಗಿದ್ದರೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿ ವಾಸನೆ ಹೊಡೆದರೆ ಓವರ್ ಆಗಿದೆ, ಅಂದರೆ ಪೆಟ್ರೋಲ್ ಹೆಚ್ಚಾಗಿದೆ, ಚೋಕ್ (ಕಾರ್ಬೊರೇಟರ್‌ಗೆ ಹೋಗುವ ಗಾಳಿ ತಡೆಯುವ ಬಾಗಿಲು) ಎಳೆದಿಟ್ಟು ಆಕ್ಸಿಲರೇಟರ್ ತುಳಿತುಳಿದು ನಾವೇ ಮಾಡಿದ್ದು ಇದು. ಪ್ಲಗ್ ಒಣಗಿಸಿ 0.7ರಿಂದ 0.8 ಮಿಮೀ ಗ್ಯಾಪ್ ಇಟ್ಟು ಹಾಕಿ, ಚೋಕ್ ಒಳಕ್ಕೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪಂಪ್ ಮಾಡಬೇಡಿ.

ಒಣಗಿದ್ದರೆ ಏರ್ ಕ್ಲೀನರ್ ತೆಗೆದು, ಇಂಜಿನ್ ನಿಂತಿರುವಾಗಲೇ ಕಾರ್ಬೊರೇಟರ್ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರ್ ತಳ್ಳಿ. ಸಣ್ಣ ಧಾರೆ ಚಿಮ್ಮಿದರೆ ಕಾರ್ಬೊರೇಟರ್‌ನ ಪೆಟ್ರೋಲ್ ತೊಟ್ಟಿಯಾದ ಫ್ಲೋಟ್ ಚೇಂಬರ್‌ನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಪಂಪಿನಿಂದ ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಇಳಿಬಿಡಿ. ಕಾಯಿಲ್‌ನ ಪ್ಲಸ್ ವಯರ್ ತೆಗೆದಿಟ್ಟು ಸೆಲ್ಫ್ ಹೊಡೆಸಿದರೆ ಪೆಟ್ರೋಲ್ ಪುಟಿದು ಪುಟಿದು ಬೀಳಬೇಕು. ಬೀಳದಿದ್ದರೆ ಫಿಲ್ಟರ್ ಕಟ್ಟಿದೆ, ಟ್ಯಾಂಕಿನಿಂದ ಬರುವ ಹಳೆಯ ರಬ್ಬರ್ ಪೈಪ್ ಬಿರಿದು ಗಾಳಿ ಎಳೆಯುತ್ತಿದೆ, ಇಲ್ಲವೇ ಪಂಪಿನ ಡಯಾಫ್ರಾಮ್ ಹರಿದಿದೆ. ಈಗ ಬಂಕ್‌ನಲ್ಲಿ ಬರುವ ಎಥನಾಲ್ ಬೆರೆತ ಪೆಟ್ರೋಲ್ ಈ ಹಳೆಯ ರಬ್ಬರ್‌ಗಳಿಗೆ ಹೊಂದುವುದಿಲ್ಲ, ತಿಂಗಳುಗಟ್ಟಲೆ ನಿಂತರೆ ನೀರನ್ನೂ ಹೀರಿಕೊಳ್ಳುತ್ತದೆ. ಬಾಟಲಿಯ ತಳದಲ್ಲಿ ಬೇರೆ ಪದರ ನಿಂತಿದ್ದರೆ ಟ್ಯಾಂಕ್ ಖಾಲಿ ಮಾಡಿಸಿ. ಬಾಟಲಿಗೆ ಧಾರಾಳ ಬಂದೂ ಕಾರ್ಬೊರೇಟರ್ ಒಣಗಿದ್ದರೆ ಮಾತ್ರ ಅದನ್ನು ಬಿಚ್ಚಬೇಕು: ಪೆಟ್ರೋಲ್ ಒಳಬಿಡುವ ಸೂಜಿ ವಾಲ್ವ್ ಅಂಟಿರುತ್ತದೆ ಅಥವಾ ಅದರ ಜಾಲರಿ ಕಟ್ಟಿರುತ್ತದೆ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹಿಡಿಯುತ್ತಿಲ್ಲವೆಂದರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯಿರಿ. ಕಾಯಿಲ್‌ನ ಪ್ಲಸ್ ವಯರ್ ಮತ್ತೆ ತೆಗೆದಿಟ್ಟು, ಮೂರೂ ಪ್ಲಗ್ ಬಿಚ್ಚಿ, ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಮೂರೂ ಒಟ್ಟಿಗೆ ಕಡಿಮೆ ಇದ್ದರೆ ಬೆಲ್ಟ್ ಹಲ್ಲು ಜಾರಿದೆಯೇ ಎಂದು ಟೈಮಿಂಗ್ ಗುರುತು ಕೂಡಿಸಿ ನೋಡಿ, ಹೆಡ್ ಬಿಚ್ಚುವ ಮುಂಚೆ.